ರೋಹಿಣಿ ಕಾಣದ ತಿಂಗಳು

ಹೂಕುಂಡಗಳ ಕೆಳಗೆ ತಟ್ಟೆ ಇಡಿಸಿದ್ದು ಮೇಲಿನ ಮನೆಯಾಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಂಟು ತಿಂಗಳು ನಾನು ಅವರ ಜೊತೆ ಯಾಕೆ ಮಾತು ಬಿಟ್ಟಿದ್ದೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಮ್ಮ ಮನೆ ಹೈದರಾಬಾದಿನ ಬಾಲಾನಗರದ ಹತ್ತಿರ. ನಮ್ಮವರೂ ಮೇಲಿನ ಮನೆಯ ಯಜಮಾನರೂ ವಿಮಾನದ ಉಪಕರಣ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಒಂದೇ ಸೆಕ್ಷನ್ನಿನವರು. ಇಬ್ಬರೂ ಕೂಡಿ ಸಣ್ಣದೊಂದು ಸೈಟು ಹಿಡಿದು, ಕೆಳಗೆ ನಾವು, ಮೇಲೆ ಅವರು ಎಂದು ಮನೆ ಕಟ್ಟಿಸಿದ್ದರು. ಅವರು ತೆಲುಗಿನವರು, ನಾವು ಬಿಜಾಪುರ ಕಡೆಯವರು. ಎಲ್ಲಕ್ಕೂ ಮೇಲಿನ ಮಾಳಿಗೆ ಇಬ್ಬರದೂ ಆಗಿದ್ದರೂ ಅದನ್ನು ಆಳುತ್ತಿದ್ದವಳು ನಾನೇ. ರೋಜಾ, ದುಂಡುಮಲ್ಲಿಗೆ, ಕರಿಬೇವು, ಟೊಮೆಟೊ, ಮೆಣಸಿನಗಿಡ, ಏನಿರಲಿಲ್ಲ ಅಲ್ಲಿ! ನೀರು ಹಾಕುವ ಕೆಲಸ ನನ್ನ ಮಗನದು. ನಾಲ್ಕನೇ ಕ್ಲಾಸಿನ ಹುಡುಗ ಸ್ನಾನದ ಚೊಂಬು ಹಿಡಿದು ಒಂದೊಂದು ಗಿಡವನ್ನೂ ಮಾತಾಡಿಸಿ ನೀರು ಹಾಕುತ್ತಿದ್ದ. ಮಾತು ಉದ್ದವಾದಷ್ಟೂ ನೀರೂ ಹೆಚ್ಚಾಗುತ್ತಿತ್ತು. ಆ ನೀರು ಸೋರಿ ಸೋರಿ ಕೊನೆಗೆ ಮೇಲಿನ ಮನೆಯ ಛಾವಣಿಯಲ್ಲಿ ಮಚ್ಚೆ ಮೂಡಿಸಿತು.

ಆಕೆ ಬಂದು ಜಗಳ ತೆಗೆದರು. ನಾನೇನು ಬಾಯಿ ಕಟ್ಟಿಕೊಂಡು ಕೂರುವವಳೇ? ಅವರ ತೆಲುಗಿಗೆ ನನ್ನ ಮುರುಕು ತೆಲುಗು, ಅದು ಸಾಲದಾದಾಗ ಹಿಂದಿ, ಅದೂ ಸಾಲದಾದಾಗ ಬಿಜಾಪುರದ ಕನ್ನಡ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ಕಡೆಗೆ ಗಂಡಸರಿಬ್ಬರೂ ಮಾತಾಡಿಕೊಂಡು ಎಲ್ಲ ಕುಂಡಗಳ ಕೆಳಗೆ ಪ್ಲಾಸ್ಟಿಕ್ ತಟ್ಟೆ ತಂದಿಟ್ಟರು. ಹೆಚ್ಚಿನ ನೀರು ತಟ್ಟೆಯಲ್ಲೇ ನಿಲ್ಲತೊಡಗಿತು, ಮಚ್ಚೆ ಒಣಗಿತು, ನಾವಿಬ್ಬರೂ ಮತ್ತೆ ಸಂಜೆ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸತೊಡಗಿದೆವು. ಅವರ ಗೋಂಗೂರವೂ ನಮ್ಮ ಪುಂಡಿಪಲ್ಲೆಯೂ ಒಂದೇ ಸೊಪ್ಪು ಎಂಬುದು ಗೊತ್ತಾದ ದಿನ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆ ವರ್ಷ ದಸರೆ ಮುಗಿದ ಮೇಲೆ ಮಗನಿಗೆ ಜ್ವರ ಬಂತು. ಡೆಂಗಿ ಎಂದರು. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಮತ್ತೆ ಏರಿಸಿದರು. ಅವನಿಲ್ಲದೆ ಮನೆಗೆ ಬಂದೆವು. ಇದಕ್ಕಿಂತ ಹೆಚ್ಚು ಇದನ್ನು ಬರೆಯಲು ಈಗಲೂ ನನ್ನಿಂದ ಆಗುವುದಿಲ್ಲ.

ಆಮೇಲೆ ಸೊಳ್ಳೆಯ ಔಷಧಿ ಹೊಡೆಯುವವನು ಓಣಿಗೆ ಬಂದ. ಮಾಳಿಗೆ ಹತ್ತಿ ಒಂದು ತಟ್ಟೆ ಎತ್ತಿ ಬಿಸಿಲಿಗೆ ಹಿಡಿದ. ನಿಂತ ನೀರಿನಲ್ಲಿ ಸಣ್ಣ ಹುಳಗಳು ನುಲಿಯುತ್ತಿದ್ದವು. “ಇಸ್ಕೇ ಅಂದರಿಚ್ ಹೋತೇ ಅಮ್ಮಾ” ಎಂದ, ಸೊಳ್ಳೆ ಇದರೊಳಗೇ ಹುಟ್ಟುವುದು ಎಂದು. ಅವನೇನೂ ಕೆಟ್ಟದ್ದಕ್ಕೆ ಹೇಳಲಿಲ್ಲ, ದಿನಕ್ಕೆ ನೂರು ಮನೆಯಲ್ಲಿ ಹೇಳುವ ಮಾತು ಹೇಳಿದ. ನಾನು ತಿರುಗಿ ನೋಡಿದರೆ ಮೆಟ್ಟಿಲ ಬಾಗಿಲಲ್ಲಿ ಮೇಲಿನ ಮನೆಯಾಕೆ ನಿಂತಿದ್ದರು. ಅವರಿಗೂ ಕೇಳಿಸಿತ್ತು.

ಅವತ್ತೇ ಸಂಜೆ ನಾನು ಒಂದೊಂದೇ ಕುಂಡವನ್ನು ಎತ್ತಿ ಮಾಳಿಗೆಯ ನೆಲಕ್ಕೆ ಅಪ್ಪಳಿಸಿ ಒಡೆದೆ. ಟೊಮೆಟೊ ಗಿಡದಲ್ಲಿ ಕಾಯಿ ಇದ್ದವು. ಯಾರೂ ತಡೆಯಲಿಲ್ಲ. ಯಾವ ಸೊಳ್ಳೆ ಎಲ್ಲಿ ಹುಟ್ಟಿ ಕಚ್ಚಿತೋ ದೇವರಿಗೇ ಗೊತ್ತು. ಶಾಲೆಯಲ್ಲಿ ಕಚ್ಚಿರಬಹುದು, ಓಣಿಯ ಮೋರಿಯ ಹತ್ತಿರ ಕಚ್ಚಿರಬಹುದು. ನಮ್ಮವರು ಇದನ್ನು ನೂರು ಸಲ ಹೇಳಿದರು. ಆದರೆ ಗಿಡ ನನ್ನದು, ತಟ್ಟೆ ಆಕೆಯದು, ಇಷ್ಟೇ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಕೆಯನ್ನು ನಾನು ಬೈಯಲಿಲ್ಲ. ಬೈದಿದ್ದರೆ ಇಬ್ಬರೂ ಹಗುರಾಗುತ್ತಿದ್ದೆವೋ ಏನೋ. ಮಾತು ಬಿಟ್ಟೆ, ಮಾಳಿಗೆ ಹತ್ತುವುದನ್ನೂ ಬಿಟ್ಟೆ.

ಮನೆ ನೋಡಿಕೊಳ್ಳಲು ಊರಿನಿಂದ ಅತ್ತೆ ಬಂದರು. ಮೊಣಕಾಲು ಹಿಡಿದುಕೊಂಡು ನಡೆಯುವ ಜೀವ, ಆದರೆ ಕೂತಲ್ಲಿಂದಲೇ ಮನೆ ನಡೆಸುವ ಹೆಂಗಸು. ನನಗೆ ಒಲೆ ಹಚ್ಚಲು ಮನಸ್ಸಿಲ್ಲದ ದಿನ “ಹಿಟ್ಟ ತಾ ಇಲ್ಲೆ, ನಾ ಬಡೀತೀನಿ” ಎಂದು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ರೊಟ್ಟಿ ಬಡಿಯುತ್ತಿದ್ದರು. ಅಳಬೇಡ ಎಂದು ಒಂದು ಸಲವೂ ಹೇಳಲಿಲ್ಲ.

ಮಗಳು ಆಗ ಮೊದಲನೇ ಕ್ಲಾಸು. ಅಣ್ಣನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಚಳಿಗಾಲದಲ್ಲಿ ಒಂದು ಸಂಜೆ ಅಪ್ಪನ ಜೊತೆ ಗುಡಿಗೆ ಹೋಗಿದ್ದಳು. ಅರ್ಚನೆಗೆ ಎಂದಿನಂತೆ ಪೂಜಾರಿ ಮನೆಯವರ ಹೆಸರು, ನಕ್ಷತ್ರ ಕೇಳಿದ್ದಾರೆ. ನಮ್ಮವರು ವರ್ಷಗಳಿಂದ ಹೇಳಿ ಹೇಳಿ ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟಿದ್ದಾರೆ: ತಮ್ಮದು, ನನ್ನದು, ಮಗನದು, ಮಗಳದು. ಪೂಜಾರಿಗೇನು ಗೊತ್ತು? ನನ್ನ ಮಗನ ಹೆಸರು ಹಿಡಿದು, ರೋಹಿಣಿ ನಕ್ಷತ್ರ ಎಂದು ಹೇಳಿ, ಹೂವು ಏರಿಸಿದ್ದಾರೆ. ನಮ್ಮವರು ಅಲ್ಲೇ ಕಂಬ ಹಿಡಿದು ನಿಂತುಬಿಟ್ಟರಂತೆ. ಮನೆಗೆ ಬರುವಾಗ ಸ್ಕೂಟರಿನ ಮೇಲೆ ಮಗಳು ಕೇಳಿದಳು.

“ಅಪ್ಪಾ, ಅಣ್ಣನ ನಕ್ಷತ್ರ ಎಲ್ಲೈತಿ? ತೋರ್ಸು.”

ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಸತ್ತವರು ಚುಕ್ಕಿಯಾಗುತ್ತಾರೆ ಎಂದು ಅವರು ಹೇಳಲಿಲ್ಲ. ಕೇಳಿದ್ದು ನಕ್ಷತ್ರ, ತೋರಿಸಿದ್ದೂ ನಕ್ಷತ್ರ. ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಬಿಳಿಜೋಳ ಕಾಯಲು ತಮ್ಮ ಅಪ್ಪನ ಜೊತೆ ಹೊಲದ ಅಟ್ಟದ ಮೇಲೆ ಮಲಗುತ್ತಿದ್ದರು. ಆಗ ಕಲಿತ ಚುಕ್ಕಿಗಳು ಅವು. ಮಾಳಿಗೆಗೆ ಕರೆದೊಯ್ದು ಪೂರ್ವಕ್ಕೆ ಕೈ ಮಾಡಿ, ಮೇಲೆ ಗೊಂಚಲು ಗೊಂಚಲಾಗಿರುವುದು ಕೃತ್ತಿಕಾ, ಅದರ ಕೆಳಗೆ ಎರಡು ಕೋಲು ಕೂಡಿಸಿಟ್ಟಂತೆ ಕಾಣುವ ಚುಕ್ಕಿಗಳಲ್ಲಿ ಒಂದು ಕೋಲಿನ ತುದಿಗೆ ಕೆಂಪಗಿರುವುದು ರೋಹಿಣಿ ಎಂದು ತೋರಿಸಿದರು.

ಅವತ್ತಿನಿಂದ ಮಗಳ ರಾತ್ರಿಯೂಟ ಮಾಳಿಗೆಯ ಮೇಲೆ. ಕತ್ತಲಾಗುತ್ತಿದ್ದಂತೆ ತಾಟು ಹಿಡಿದು ಅಪ್ಪನ ಜೊತೆ ಹತ್ತುವಳು, ಚುಕ್ಕಿ ಕಂಡ ಮೇಲೆ ಮೊದಲ ತುತ್ತು. ನಾನು ಮೆಟ್ಟಿಲ ಬುಡದಲ್ಲಿ ನಿಂತು ತಾಟು ಕೈಗೆ ಕೊಡುತ್ತಿದ್ದೆ. “ಅವ್ವಾ, ನೀನೂ ಬಾ” ಎನ್ನುತ್ತಿದ್ದಳು. ಒಲೆಯ ಮೇಲೆ ಹಾಲಿದೆ ಎನ್ನುತ್ತಿದ್ದೆ. ಓಣಿಯ ಮಕ್ಕಳೂ ತಮ್ಮ ತಮ್ಮ ತಾಟು ತಂದು ಸೇರಿಕೊಂಡರು, ಮಕ್ಕಳ ಹಿಂದೆ ಅಪ್ಪಂದಿರು. ಎದುರು ಮನೆಯಲ್ಲಿ ಬಾಡಿಗೆಗಿದ್ದ, ಕೊರಳಿಗೆ ಆಫೀಸಿನ ಕಾರ್ಡು ಹಾಕಿಕೊಂಡು ರಾತ್ರಿ ಪಾಳಿಗೆ ಹೊರಡುವ ಹುಡುಗಿಯೂ ಕ್ಯಾಬು ಬರುವ ತನಕ ಅಲ್ಲೇ ನಿಂತಿರುತ್ತಿದ್ದಳು. ಕೆಳಗೆ ನನಗೆ ಅವರೆಲ್ಲರ ಹೆಜ್ಜೆ, ಮಾತು, ತಾಟಿನ ಸಪ್ಪಳ ಕೇಳಿಸುತ್ತಿತ್ತು. ಮನೆಗೆ ಬಂದವರು ಯಾರೂ ನನ್ನನ್ನು ಏನೂ ಕೇಳದೆ ಹತ್ತಿ ಇಳಿದು ಹೋಗುತ್ತಿದ್ದರು. ಅದು ನನಗೆ ಹಿತವಾಗಿಯೇ ಇತ್ತು.

ಹೋಳಿ ಕಳೆಯಿತು, ಯುಗಾದಿ ಕಳೆಯಿತು. ಪೂರ್ವಕ್ಕಿದ್ದ ಚುಕ್ಕಿ ನೆತ್ತಿಗೆ ಬಂದು, ನೆತ್ತಿಯಿಂದ ಪಶ್ಚಿಮಕ್ಕೆ ಜಾರಿತು. ಆಗ ಹೈದರಾಬಾದಿನ ಪಶ್ಚಿಮದಲ್ಲಿ ಬಂಡೆಗಲ್ಲು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುವ ಕಾಲ. ಸಂಜೆಯಾದರೆ ಆ ದಿಕ್ಕಿನ ಆಕಾಶವೆಲ್ಲ ಮಬ್ಬು ಹಳದಿ. ಬಿರುಬೇಸಿಗೆಯ ಒಂದು ಸಂಜೆ ಚುಕ್ಕಿ ಕಾಣಲಿಲ್ಲ. ಮಗಳು ತಾಟು ಮುಂದಿಟ್ಟುಕೊಂಡು ಕೂತೇ ಇದ್ದಳು. ಧೂಳು ಎಂದರು. ಮರುದಿನವೂ ಕಾಣಲಿಲ್ಲ. ಕ್ಯಾಬಿನ ಹುಡುಗಿ, ನಮ್ಮ ಆಫೀಸುಗಳ ಲೈಟಿನಿಂದ ಹೀಗಾಗಿದೆ ಅಂಕಲ್, ಆಚೆ ಹೋದರೆ ಕಾಣುತ್ತದೆ ಎಂದಳಂತೆ. ನನಗೂ ಅದೇ ಸರಿ ಎನಿಸಿತು. ಆ ಕಟ್ಟಡಗಳಿಗೆ ನಾನು ಹಾಕದ ಶಾಪವಿಲ್ಲ.

ಭಾನುವಾರ ನಮ್ಮವರು ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಆ ಕಟ್ಟಡಗಳನ್ನೆಲ್ಲ ದಾಟಿ, ದೀಪವಿಲ್ಲದ ಒಂದು ಕೆರೆಯ ದಂಡೆಗೆ ಹೋದರು. ಹೊತ್ತು ಮುಳುಗಿತು, ಆಕಾಶ ತಿಳಿಯಾಗಿತ್ತು, ಬೇರೆ ಚುಕ್ಕಿಗಳೆಲ್ಲ ಮೂಡಿದವು. ರೋಹಿಣಿ ಇರಲಿಲ್ಲ. ವಾಪಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಮಗಳು ನನ್ನನ್ನು ಕೇಳಿದಳು.

“ಅವ್ವಾ, ಅಣ್ಣ ಮತ್ತ ಹೋದನೇನು?”

ಆರು ತಿಂಗಳು ಅವಳು ಏನು ನಂಬಿ ಉಣ್ಣುತ್ತಿದ್ದಳು ಎಂಬುದು ನಮಗೆ ಆಗ ತಿಳಿಯಿತು. ನಮ್ಮವರು ಸ್ಕೂಟರಿನ ಕೀಲಿ ಕೈಯಲ್ಲೇ ಹಿಡಿದು ಗೋಡೆಗೆ ಒರಗಿದರು. ನನಗೆ ಮೈಯೆಲ್ಲ ಉರಿಯಿತು.

“ತೋರ್ಸಾಕ ಯಾರ ಹೇಳಿದ್ರು ನಿಮಗ? ಒಮ್ಮೆ ಹೋಗಿದ್ದ ಸಾಲಂಗಿಲ್ಲಂತ ಮತ್ತೊಮ್ಮೆ ಕಳಿಸಿದ್ರಿ” ಎಂದೆ.

ಅವತ್ತಿನಿಂದ ಮಗಳು ಊಟ ಬಿಟ್ಟಳು. ಹಟ ಮಾಡಿದ್ದರೆ ಎರಡು ಏಟು ಕೊಟ್ಟು ಉಣಿಸುತ್ತಿದ್ದೆ. ಹಟವಲ್ಲ ಅದು. ತುತ್ತು ಬಾಯಿಗಿಟ್ಟರೆ ಕೆನ್ನೆಯಲ್ಲೇ ಇಟ್ಟುಕೊಂಡು ಕೂರುವಳು, ಬಲವಂತ ಮಾಡಿದರೆ ವಾಂತಿ. ಬೆಳಿಗ್ಗೆ ಒಂದು ಲೋಟ ಹಾಲು, ಅಷ್ಟೇ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಫ್ರಾಕಿನ ಹೆಗಲು ಜಾರತೊಡಗಿತು. ರಜೆಯ ದಿನಗಳು ಬೇರೆ, ಹಗಲೆಲ್ಲ ಚಾಪೆಯ ಮೇಲೆ ಮಲಗಿರುವಳು. ಅವಳ ಪಕ್ಕ ಕೂತರೆ ನನಗೆ ಆಸ್ಪತ್ರೆಯ ಮಂಚವೇ ಕಣ್ಣಿಗೆ ಕಟ್ಟುತ್ತಿತ್ತು. ಈಕೆಯೂ ಕೈ ಬಿಟ್ಟು ಹೋಗುತ್ತಾಳೆ ಎಂದು ಹೆದರಿದೆ.

ಮೇಲಿನ ಮನೆಯಾಕೆಗೂ ನಮ್ಮ ಅತ್ತೆಗೂ ಮಾತು ಇತ್ತು. ಅತ್ತೆಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು, ಆದರೂ ಮಧ್ಯಾಹ್ನ ಮೆಟ್ಟಿಲ ಬುಡದ ನೆರಳಿನಲ್ಲಿ ಇಬ್ಬರೂ ಗಂಟೆಗಟ್ಟಲೆ ಮಾತಾಡುವರು. ಒಂದು ದಿನ ಆಕೆ ಹೇಳುತ್ತಿದ್ದರು: ನಾಳೆಯಿಂದ ಎರಡು ವಾರ ರೋಹಿಣಿ ಕಾರ್ತೆ, ಬಿಸಿಲು ಬೆಂಕಿಯಾಗುತ್ತದೆ, ಮಗುವನ್ನು ಹೊರಗೆ ಬಿಡಬೇಡಿ. ಅತ್ತೆ, “ಹೌದಲ್ಲ, ನಾಳಿಗಿ ರೋಹಿಣಿ ಕೂಡತೈತಿ. ನಿಮಗ ಬಿಸಲಾ, ನಮ್ಮ ಕಡೆ ಅದು ಮಳಿ” ಎಂದರು. ಮಳೆಗೆಲ್ಲ ನಕ್ಷತ್ರದ ಹೆಸರಿಟ್ಟು ಬಿತ್ತುವ ಲೆಕ್ಕ ಹಿಡಿಯುವವರು ನಾವು. ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ, ಹೀಗೆ ಅತ್ತೆಗೆ ಸಾಲಾಗಿ ಬಾಯಿಪಾಠ.

ಚಾಪೆಯ ಮೇಲಿದ್ದ ಮಗಳು ಎದ್ದು ಕೂತು ಅಜ್ಜಿಯನ್ನು ಕೇಳಿದಳು. “ಆಯಿ, ರೋಹಿಣಿ ನಾಳೆ ಬರ್ತಾನೇನು?”

ಅತ್ತೆ ನನ್ನ ಮುಖ ನೋಡಿದರು. ಜೀವಮಾನವೆಲ್ಲ ಆ ಹೆಸರು ಹಿಡಿದು ಬಿತ್ತಿದ ಹೆಂಗಸು, ಆದರೆ ಆ ಹೆಸರಿನ ಚುಕ್ಕಿಯನ್ನು ತಲೆಯೆತ್ತಿ ನೋಡಿದವರಲ್ಲ. ಸಂಜೆ ನಮ್ಮವರು ಬಂದಾಗ ಅವರನ್ನೇ ಕೇಳಿದರು.

“ಏನೋ, ಅಕಿ ನೋಡೂ ಚುಕ್ಕಿನೂ ನಮ್ಮ ರೋಹಿಣಿ ಮಳಿನೂ ಒಂದ ಏನು?”

“ಒಂದ ಅವ್ವಾ. ಸೂರ್ಯ ರೋಹಿಣಿ ನಕ್ಷತ್ರದಾಗ ಬಂದಾಗ ರೋಹಿಣಿ ಮಳಿ ಅಂತಾರ” ಎಂದವರು ಅಲ್ಲಿಗೇ ನಿಂತುಬಿಟ್ಟರು. ಕೈಯಲ್ಲಿನ ಟಿಫಿನ್ ಡಬ್ಬಿ ಕೆಳಗಿಟ್ಟರು. “ಸೂರ್ಯ ಅದರಾಗ ಅದಾನ. ಅದಕ್ಕ ಕಾಣವಲ್ದು. ನಾ ಎಂಥಾ ಹುಚ್ಚ, ಚಳಿಗಾಲದ ಆಕಾಶ ಬಿಟ್ರ ನನಗ ಏನೂ ತಿಳಿಯಂಗಿಲ್ಲ.”

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರು. ಚುಕ್ಕಿ ಎಲ್ಲಿಯೂ ಹೋಗಿಲ್ಲ. ಈಗ ಅದು ಸೂರ್ಯನ ಜೊತೆ ಏಳುತ್ತದೆ, ಸೂರ್ಯನ ಜೊತೆ ಮುಳುಗುತ್ತದೆ. ಹಗಲೆಲ್ಲ ನಮ್ಮ ತಲೆಯ ಮೇಲೇ ಇರುತ್ತದೆ, ಬೆಳಕಿಗೆ ಕಾಣುವುದಿಲ್ಲ ಅಷ್ಟೇ.

“ಹಗಲಿಗೆ ಅದಾನ?”

“ಹಗಲಿಗೆ ಐತಿ.” ಅವರು ಅದಾನ ಎನ್ನಲಿಲ್ಲ. ನನಗೆ ಅದು ಕೇಳಿಸಿತು.

“ಮತ್ತ ಯಾವಾಗ ಕಾಣತಾನ?”

ಅದು ನಮ್ಮವರಿಗೆ ಗೊತ್ತಿರಲಿಲ್ಲ. ಅತ್ತೆ ಬೆರಳು ಮಡಚಿದರು. “ರೋಹಿಣಿ ಆದ ಮ್ಯಾಲ ಮಿರಗ, ಮಿರಗ ಆದ ಮ್ಯಾಲ ಆರಿದ್ರಾ. ಸೂರ್ಯ ಇದನ್ನ ಬಿಟ್ಟು ಅವುಗಳ ಕಡೆ ಹೋಗಬೇಕಲ್ಲ? ಆರಿದ್ರಾ ಕೂಡಿತಂದ್ರ ರೋಹಿಣಿ ಬಿಡುಗಡಿ.” ನಮ್ಮವರು ಯೋಚಿಸಿ, ಸೂರ್ಯ ಮುಂದೆ ಹೋದರೆ ಚುಕ್ಕಿ ಹಿಂದೆ ಉಳಿಯುತ್ತದೆ, ಆಗ ಸಂಜೆಗಲ್ಲ, ನಸುಕಿನಲ್ಲಿ ಪೂರ್ವಕ್ಕೆ ಸೂರ್ಯನಿಗಿಂತ ಮೊದಲು ಮೂಡಬೇಕು ಎಂದರು. ಮಗಳು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

“ಸುಳ್ಳಾದ್ರ ನಾ ಮತ್ತ ಉಣ್ಣಂಗಿಲ್ಲ” ಎಂದಳು.

ಮರುದಿನ ಮಧ್ಯಾಹ್ನ ಚಾಪೆಯ ಮೇಲೆ ಮಗಳಿಲ್ಲ. ಮೊಸರನ್ನ ಕಲಸಿಟ್ಟಿದ್ದ ತಾಟೂ ಇಲ್ಲ. ಅತ್ತೆ ಕೋಲಿನಿಂದ ಮೇಲಕ್ಕೆ ತೋರಿಸಿದರು. ಆ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಕೂಸು! ಕಾಲಿಗೆ ಚಪ್ಪಲಿಯನ್ನೂ ಹಾಕದೆ ಓಡಿದೆ. ಎಷ್ಟೋ ತಿಂಗಳ ಮೇಲೆ ಆ ಮೆಟ್ಟಿಲು ಹತ್ತಿದ್ದು ನನಗೆ ಹತ್ತಿದ ಮೇಲೆಯೇ ಗೊತ್ತಾಯಿತು.

ಮಾಳಿಗೆಯ ನಡುವೆ ನೀರು ಚೆಲ್ಲಿ ತಂಪು ಮಾಡಿ ಗೋಣಿಚೀಲ ಹಾಸಿತ್ತು. ಅದರ ಮೇಲೆ ಕೂತು ಮಗಳು ಉಣ್ಣುತ್ತಿದ್ದಳು. ಪಕ್ಕದಲ್ಲಿ ಮೇಲಿನ ಮನೆಯಾಕೆ ಸೆರಗು ತಲೆಗೆ ಹೊದ್ದು, ಮಗುವಿನ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕೊಡೆಯ ನೆರಳು ಅವರಿಗೆ ಸಾಲುತ್ತಿರಲಿಲ್ಲ, ಮುಖವೆಲ್ಲ ಬೆವರು. ಮಗಳು ನನ್ನನ್ನು ನೋಡಿ, ತುತ್ತು ನುಂಗಿ, ನೆತ್ತಿಯ ಕಡೆ ಬೆರಳು ಮಾಡಿ, “ಅವ್ವಾ, ಇಲ್ಲೇ ಅದಾನ, ಕಾಣವಲ್ಲ” ಎಂದಳು. ನಾನು ಇಳಿದು ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ.

ಹೀಗೆ ನಾಲ್ಕಾರು ತುತ್ತು ಒಳಗೆ ಹೋಗತೊಡಗಿತು. ಬಿಸಿಲು ಇಳಿದ ಮೇಲೆ ಮಾತ್ರ ಏನೂ ಇಲ್ಲ.

ಆ ವಾರವೇ ಒಂದು ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಎರಡು ಹೋಳು ಮಾಡಿ ಇಟ್ಟಿತ್ತು. ಬೋರಲು ಹಾಕಿ ನೋಡಿದೆ. ತಳದಲ್ಲಿ ಕಾದ ಸಲಾಕೆಯಿಂದ ಸುಟ್ಟು ಮಾಡಿದ ತೂತುಗಳು, ಒಂದೆರಡಲ್ಲ, ಜರಡಿಯಂತೆ ತಳವೆಲ್ಲ ತೂತು. ಕೆಳಗಿಡಲು ಇಟ್ಟಿಗೆಗಳೂ ಇದ್ದವು. ತಟ್ಟೆ ಇರಲಿಲ್ಲ. ಆಕೆ ಮೇಲಿನ ಮೆಟ್ಟಿಲಲ್ಲಿ ನಿಂತು, “ನೀಳ್ಳು ನಿಲವವು” ಎಂದರು, ನೀರು ನಿಲ್ಲುವುದಿಲ್ಲ ಎಂದು. ನಿಲ್ಲದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಳಿದು ಅವರ ಛಾವಣಿಗೇ ಹೋಗುತ್ತದೆ. “ಕಾರನೀಯಂಡಿ, ಪರ್ವಾಲೇದು” ಎಂದರು. ಸೋರಲಿ ಬಿಡಿ, ಪರವಾಗಿಲ್ಲ. ಹೋದ ವರ್ಷ ಅದೇ ಸೋರುವಿಕೆಗಾಗಿ ಓಣಿ ಕೂಡಿಸಿದ್ದ ಹೆಂಗಸು.

ನಾನು ಮಾತಾಡಲಿಲ್ಲ. ಆದರೆ ಡ್ರಮ್ಮನ್ನು ಎತ್ತಿಕೊಂಡೆ.

ರೋಹಿಣಿಯ ಕೊನೆಗೆ ಗುಡುಗಿ ಒಂದು ಮಳೆ ಬಿತ್ತು. ಅತ್ತೆ ಊರಿನಿಂದ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಿದ್ದ ಹೆಸರುಕಾಳು ಬಿಚ್ಚಿದರು. ಬಂದ ದಿನದಿಂದ ಟ್ರಂಕಿನಲ್ಲಿಟ್ಟಿದ್ದರಂತೆ. “ನನ್ನ ಮೊಣಕಾಲ ಆ ಮೆಟ್ಟಲಾ ಹತ್ತಂಗಿಲ್ಲ. ನೀನ ಹೋಗು.”

“ನಾ ಒಲ್ಲೆರಿ ಅತ್ತಿ. ಆ ಕೆಲಸ ನನಗ ಮುಗೀತು.”

“ಮುಗದಿದ್ರ ಆ ಡ್ರಮ್ಮ ಯಾಕ ಮ್ಯಾಲ ಒಯ್ದಿ? ಹೋಗು, ಹದಾ ಆರ್ತೈತಿ” ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಓಣಿಯ ಮಕ್ಕಳು ಬಕೆಟ್ಟಿನಲ್ಲಿ ಮಣ್ಣು ಹೊತ್ತರು. ನಾನೂ ಮಗಳೂ ಕೂತು ಬಿತ್ತಿದೆವು. ಡ್ರಮ್ಮಿನ ಇನ್ನೊಂದು ಹೋಳಿನಲ್ಲಿ ಮೇಲಿನ ಮನೆಯಾಕೆ ಗೋಂಗೂರದ ಬೀಜ ಹಾಕಿದರು. ನಾನು ಒಂದು ಮೂಲೆಗೆ, ಅವರು ಒಂದು ಮೂಲೆಗೆ. ಮರುದಿನ ನೋಡಿದರೆ ಮಗಳು ಬೆರಳಿನಿಂದ ಮಣ್ಣು ಕೆದರಿ ಕಾಳು ಹೊರಗೆ ತೆಗೆದು ನೋಡುತ್ತಿದ್ದಾಳೆ, ಅಲ್ಲೇ ಇದೆಯೋ ಇಲ್ಲವೋ ಎಂದು. ಕೆಳಗಿನಿಂದಲೇ ಸುಳಿವು ಹತ್ತಿದ ಅತ್ತೆ, “ಕೆದರಬ್ಯಾಡ ಅಂತ ಹೇಳು ಅಕಿಗೆ” ಎಂದು ಕೂಗಿದರು. ನಾಲ್ಕನೇ ದಿನಕ್ಕೆ ಮೊಳಕೆ ಬಂತು. ಕೆದರಿದ ಕಾಳೂ ಬಂತು.

ಮಿರಗ ಕೂಡಿತು, ಮೋಡ ಕವಿಯಿತು. ಶಾಲೆ ಶುರುವಾಯಿತು. ಹೆಸರಿನ ಗಿಡ ಗೇಣುದ್ದ ಬೆಳೆಯಿತು. ಬೆಳಿಗ್ಗೆ ಎದ್ದ ಕೂಡಲೇ ಮಾಳಿಗೆಗೆ ಹೋಗಿ ಎಲ್ಲಿಯಾದರೂ ನೀರು ನಿಂತಿದೆಯೇ ಎಂದು ನೋಡುವುದು, ನಿಂತಿದ್ದರೆ ಪೊರಕೆಯಿಂದ ಗುಡಿಸುವುದು ನನಗೆ ಚಟವಾಯಿತು. ಮೇಲಿನ ಮನೆಯ ಛಾವಣಿಯಲ್ಲಿ ಮಚ್ಚೆ ಮತ್ತೆ ಮೂಡಿದೆ ಎಂದು ನಮ್ಮವರು ಹೇಳಿದರು. ಆಕೆ ಅದರ ಕೆಳಗೆ ಪಾತ್ರೆ ಇಟ್ಟುಕೊಂಡಿದ್ದರಂತೆ.

ಆರಿದ್ರಾ ಕೂಡಿದ ಮರುದಿನದಿಂದ ನಮ್ಮವರು ನಸುಕಿನಲ್ಲಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತುವರು. ಮೋಡ. ಇಳಿಯುವರು. ಮತ್ತೆ ಮರುದಿನ ಮೋಡ. ಆಕಾಶವೇ ಇಲ್ಲದಂತೆ ಮೋಡ. ಮಗಳು ಮತ್ತೆ ಮಲಗುವಳು, ಹಾಲಿನ ಲೋಟವನ್ನು ಹಾಗೆಯೇ ಬಿಡುವಳು. ಶಾಲೆಗೆ ಕಳಿಸಿದ ಡಬ್ಬಿ ತುಂಬಿಯೇ ವಾಪಸು ಬರುವುದು. ಒಂದು ದಿನ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳೆಂದು ಕರೆಸಿದರು. ಆ ರಾತ್ರಿ ಅವಳ ಕೈ ಹಿಡಿದುಕೊಂಡೇ ಮಲಗಿದೆ. ಮಣಿಕಟ್ಟು ನನ್ನ ಎರಡು ಬೆರಳಿನ ನಡುವೆ ಆಡುತ್ತಿತ್ತು. ಚುಕ್ಕಿಗೆ ನಾನು ಯಾವತ್ತೂ ಕೈ ಮುಗಿದವಳಲ್ಲ. ಅವತ್ತು ಮುಗಿದೆ. ಬಾರಪ್ಪಾ, ಒಮ್ಮೆ ಬಂದು ಹೋಗು, ಇವಳು ಉಣ್ಣಲಿ ಎಂದೆ.

ನಮ್ಮ ಓಣಿಗೆ ದಿನ ಬಿಟ್ಟು ದಿನ ನಲ್ಲಿ ನೀರು, ಅದೂ ಬೆಳಕು ಹರಿಯುವ ಮೊದಲು, ಅದೂ ಸ್ವಲ್ಪ ಹೊತ್ತು. ಕೊಡ ಸಾಲಿಗಿಡುವ ವಿಷಯಕ್ಕೆ ಅಲ್ಲಿ ಆಗದ ಜಗಳವಿಲ್ಲ. ಒಂದು ಚೊಂಬು ನೀರನ್ನೂ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಅವತ್ತು ನೀರಿನ ದಿನ. ರಾತ್ರಿಯೆಲ್ಲ ಮಳೆ ಸುರಿದು ಆಗಷ್ಟೇ ನಿಂತಿತ್ತು. ನಮ್ಮಿಬ್ಬರ ಮನೆಗೂ ಒಂದೇ ನಲ್ಲಿ. ನನ್ನ ಕೊಡ ಮೊದಲು, ಮೇಲಿನ ಮನೆಯಾಕೆಯ ಕೊಡಗಳು ಹಿಂದೆ. ಆಕೆ ಗೋಡೆಗೆ ಒರಗಿ ನಿಂತಿದ್ದರು. ಕೊಡ ತುಂಬುವಷ್ಟರಲ್ಲಿ ಡ್ರಮ್ಮು ನೋಡಿ ಬರೋಣವೆಂದು ನಾನು ಮಾಳಿಗೆ ಹತ್ತಿದೆ.

ಮೇಲೆ ಮೋಡ ಹರಿದಿತ್ತು. ಪೂರ್ವಕ್ಕೆ ತೊಳೆದಿಟ್ಟಂಥ ಆಕಾಶ. ಹೆಸರಿನ ಗಿಡಗಳಾಚೆ, ಎದುರು ಮನೆಯ ನೀರಿನ ಟ್ಯಾಂಕಿನ ಪಕ್ಕ, ಮೇಲೆ ಒಂದು ಗೊಂಚಲು. ಅದರ ಕೆಳಗೆ ಕೆಂಪಗೆ ಒಂದು ಚುಕ್ಕಿ. ನಾನು ಯಾವತ್ತೂ ನೋಡಿದವಳಲ್ಲ, ನನಗೆ ಯಾರೂ ತೋರಿಸಿಯೂ ಇರಲಿಲ್ಲ. ಅದು ಅದೇ ಹೌದೋ ಅಲ್ಲವೋ ಎಂದು ಕೇಳಲು ಧೈರ್ಯವಾಗಲಿಲ್ಲ. ಗೋಡೆಯ ಮೇಲಿಂದ ಬಗ್ಗಿ, “ಏನ್ರೀ, ಬರ್ರಿಲ್ಲೆ. ಅಕಿನ್ನ ಕರ್ಕೊಂಡ ಬರ್ರಿ” ಎಂದು ಕರೆದೆ.

ನಮ್ಮವರು ಹತ್ತಿ ಬಂದು ಪೂರ್ವಕ್ಕೆ ನೋಡಿದರು. ಮಗಳನ್ನು ಕೆಳಗಿಳಿಸಿ ಚುಕ್ಕಿಯ ಕಡೆ ಕೈ ಮಾಡಿದರು. ಮಗಳು ಕಣ್ಣು ಉಜ್ಜಿಕೊಂಡು, ಡ್ರಮ್ಮಿನ ಅಂಚು ಹಿಡಿದು ನಿಂತಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ತಿರುಗಿ ನನ್ನ ಸೆರಗು ಜಗ್ಗಿದಳು.

“ಅವ್ವಾ, ಹಸಿವಾಗೈತಿ.”

ನಮ್ಮವರು ಅವಳನ್ನು ಎತ್ತಿಕೊಂಡು ಇಳಿದರು. ಕೆಳಗೆ ಅತ್ತೆ ಡಬ್ಬಿಯ ಮುಚ್ಚಳ ತೆಗೆಯುವ ಸಪ್ಪಳ, “ರೊಟ್ಟಿ ಐತಿ, ಮಸರಾಗ ಕಲಿಸ್ಲ್ಯಾ?” ಎನ್ನುವುದು ಕೇಳಿಸಿತು. ನಾನು ನಿಂತೇ ಇದ್ದೆ. ಮಗನಿಗೆ ಹೇಳಬೇಕಾದ್ದು ಎಷ್ಟೊಂದಿತ್ತು. ಟೊಮೆಟೊ ಗಿಡದ ಕುಂಡ ಒಡೆದುಹಾಕಿದೆ ಎಂಬುದನ್ನೂ ಹೇಳಬೇಕಿತ್ತು. ಪೂರ್ವ ಬೆಳ್ಳಗಾಗಿ ಚುಕ್ಕಿ ಮಸುಕಾಗುವ ತನಕ ಅಳುತ್ತಲೇ ಇದ್ದೆ. ಅವನು ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಆಮೇಲೆ ಕೊಡದ ನೆನಪಾಯಿತು. ನೀರೆಲ್ಲ ಹರಿದು ಹೋಗಿರಬೇಕು, ಓಣಿಯವರು ಬೈದಿರಬೇಕು ಎಂದು ಗೋಡೆಯಿಂದ ಬಗ್ಗಿ ನೋಡಿದೆ. ನಲ್ಲಿ ನಿಂತು ಹೋಗಿತ್ತು. ನಮ್ಮ ಕೊಡಗಳು, ಬಕೆಟ್ಟು, ಅತ್ತೆಯ ಹಂಡೆಯೂ ಸೇರಿ ಎಲ್ಲವೂ ತುಂಬಿ ಗೋಡೆಯ ಉದ್ದಕ್ಕೂ ಸಾಲಾಗಿದ್ದವು. ಮೇಲಿನ ಮನೆಯಾಕೆಯ ಕೊಡಗಳು ಖಾಲಿಯಾಗಿ ಒಂದರ ಮೇಲೊಂದು ಬೋರಲು ಬಿದ್ದಿದ್ದವು. ಆಕೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒದ್ದೆ ಕೈಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ವಚ್ಚಾಡಾ?” ಎಂದರು. ಬಂದನೇ ಎಂದು.

“ವಚ್ಚಾಡು” ಎಂದೆ.

ಅವರು ಅಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಇಳಿದು ಹೋಗಿ, ತುಂಬಿದ ಕೊಡಗಳಲ್ಲಿ ಎರಡನ್ನು ಎತ್ತಿಕೊಂಡು ಅವರ ಮನೆಯ ಮೆಟ್ಟಿಲು ಹತ್ತಿದೆ.